ಅಮೆರಿಕನ್ ಗವರ್ನ್‌ಮೆಂಟ್ ಫೈನಲ್ ಎಕ್ಸಾಂ: ನಮ್ಮೂರಿನ ಸಿವಿಕ್ಸ್ ಪಕ್ಕಕ್ಕಿಟ್ಟು ಓದೋದು ಹೇಗೆ

ಡಿಸೆಂಬರ್ ಬಂತು ಅಂದ್ರೆ ಸಾಕು, ಆಮೇಲೆ ಮೇ ತಿಂಗಳಲ್ಲಿ ಇನ್ನೊಂದ್ ಸಲ, ಇದೇ ಪ್ರಶ್ನೆ ಬರ್ತಾನೇ ಇರುತ್ತೆ: "ನಾನು ಓದ್ತಿರೋದು ಕಂಪ್ಯೂಟರ್ ಸೈನ್ಸು, ಈ ಅಮೆರಿಕನ್ ಗವರ್ನ್‌ಮೆಂಟ್ ಪೇಪರ್ ನನ್ ತಲೆಗೆ ಯಾಕ್ ಕಟ್ಟಿದಾರೋ, ಫೈನಲ್‌ಗೆ ಹೇಗ್ ಓದ್ಲಿ?" ಬೆಂಗಳೂರಿಂದ ಇಲ್ಲಿಗೆ, ಅಮೆರಿಕಕ್ಕೆ, ಡಿಗ್ರಿಗೆ ಅಂತ ಬಂದ ಹುಡುಗ್ರು ಕೇಳ್ತಾರೆ, ಮಕ್ಳನ್ನ ಸ್ಕೂಲಿಗೆ ಬಿಟ್ಟು ಕಮ್ಯೂನಿಟಿ ಕಾಲೇಜಿಗೆ ಹೋಗೋ ಅಕ್ಕಂದಿರೂ ಕೇಳ್ತಾರೆ. ಯಾಕೆ ಅನ್ನೋದಕ್ಕೆ ಉತ್ತರ ಸಣ್ಣದು. ಟೆಕ್ಸಾಸ್‌ನ ಸರ್ಕಾರಿ ಕಾಲೇಜುಗಳಲ್ಲಿ ಡಿಗ್ರಿ ಬೇಕು ಅಂದ್ರೆ ಗವರ್ನ್‌ಮೆಂಟ್ ವಿಷಯದಲ್ಲಿ 6 ಕ್ರೆಡಿಟ್ ಮಾಡ್ಲೇಬೇಕು ಅಂತ ಕಾನೂನೇ ಇದೆ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗಳಲ್ಲೂ ಅಮೆರಿಕದ ಇತಿಹಾಸ, ಸಂವಿಧಾನ ಓದದೆ ಬಿಡಲ್ಲ. ಹೇಗೆ ಓದೋದು ಅನ್ನೋದಕ್ಕೆ ಮಾತ್ರ ಉದ್ದ ಬರೀಬೇಕು, ಪ್ರತಿ ಸಲ ಒಬ್ಬೊಬ್ರಿಗೆ ಬೇರೆ ಬೇರೆ ಬರ್ದು ಸಾಕಾಗಿದೆ, ಅದಕ್ಕೇ ಇದು.

ಮೊದ್ಲೇ ಒಂದ್ ಮಾತು. ನಮ್ಮೋರಿಗೆ ಈ ಪೇಪರ್ ಕಷ್ಟ ಆಗೋದು ಇದು ಜಾಸ್ತಿ ಇದೆ ಅಂತ ಅಲ್ಲ, ನಮಗೆ ಆಗ್ಲೇ ಒಂದು ಸಿವಿಕ್ಸ್ ಗೊತ್ತು ಅಂತ. ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನ, ಕೆಲವರಿಗೆ ಪಿಯುಸಿ ರಾಜ್ಯಶಾಸ್ತ್ರ, ಅದರ ಮೇಲೆ ದಿನಾ ಟಿವಿಲಿ ನೋಡಿದ ರಾಜಕೀಯ. ಸೆನೆಟ್ ಅಂದ ತಕ್ಷಣ ತಲೇಲಿ ರಾಜ್ಯಸಭೆ ಬರುತ್ತೆ, ಗವರ್ನರ್ ಅಂದ್ರೆ ರಾಜಭವನ ಕಾಣುತ್ತೆ, ಮಾರ್ಕ್ಸ್ ಹೋಗೋದು ಅಲ್ಲೇ.

1. ಓದೋಕೆ ಕೂರೋ ಮುಂಚೆ ಕೈಗೆ ತಗೋಬೇಕಾದ್ದು

ಎಕ್ಸಾಂಗೆ ಹತ್ತು ದಿನ ಇದೆ ಅಂತಿಟ್ಕೊಳ್ಳಿ. ಮೊದಲ ದಿನ ಏನೂ ಓದ್ಬೇಡಿ. ಸಿಲಬಸ್ ತೆಗೀರಿ (ಇಲ್ಲಿ ಸಿಲಬಸ್ ಅಂದ್ರೆ ಬರೀ ಪಾಠದ ಪಟ್ಟಿ ಅಲ್ಲ, ಮಾರ್ಕ್ಸ್ ಹೇಗೆ ಹಂಚ್ತಾರೆ, ಲೇಟಾದ್ರೆ ಏನು, ಕಾಪಿ ಮಾಡಿದ್ರೆ ಏನು ಎಲ್ಲಾ ಬರ್ದಿರೋ ಒಪ್ಪಂದದ ಥರ). ಅದರಲ್ಲಿ ಹುಡುಕ್ಬೇಕಾದ್ದು ಒಂದೇ ಪದ, ಕ್ಯುಮ್ಯುಲೇಟಿವ್. ಅದಿದ್ರೆ ಆಗಸ್ಟ್‌ನಿಂದ ಮಾಡಿದ ಪೂರ್ತಿ ಪಾಠ ಬರುತ್ತೆ, ಇಲ್ದಿದ್ರೆ ಮಿಡ್‌ಟರ್ಮ್ ಆದ್ಮೇಲಿನದು ಮಾತ್ರ. ಇದನ್ನ ನೋಡ್ದೆ ಅರ್ಧ ಪುಸ್ತಕ ಸುಮ್ನೆ ಓದಿದೋರೂ ಇದ್ದಾರೆ, ಅರ್ಧ ಪುಸ್ತಕ ಬಿಟ್ಟು ಕೈ ಸುಟ್ಕೊಂಡೋರೂ ಇದ್ದಾರೆ. ಆಮೇಲೆ ಪ್ರೊಫೆಸರ್ ಕೊಟ್ಟ ಸ್ಟಡಿ ಗೈಡ್, ನಿಮ್ಮ ಮಿಡ್‌ಟರ್ಮ್ ಪೇಪರ್, ಕ್ಲಾಸಿನ ಸ್ಲೈಡ್ಸ್. ಪುಸ್ತಕಕ್ಕಿಂತ ಸ್ಲೈಡ್ಸ್ ಮುಖ್ಯ, ಯಾಕಂದ್ರೆ ಪೇಪರ್ ತೆಗೆಯೋರು ಪುಸ್ತಕ ಬರೆದೋರಲ್ಲ.

ಪುಸ್ತಕ ಇಲ್ಲ ಅಂತ ಕೊರಗ್ಬೇಡಿ. ರೈಸ್ ಯೂನಿವರ್ಸಿಟಿಯ ಓಪನ್‌ಸ್ಟಾಕ್ಸ್‌ನಲ್ಲಿ ಈ ವಿಷಯದ ಪಠ್ಯ ಪುಕ್ಕಟೆ ಸಿಗುತ್ತೆ. ಸೀನಿಯರ್ ಹತ್ರ ಹಳೇ ಎಡಿಷನ್ ಇಸ್ಕೊಂಡಿದ್ರೆ ಮಾತ್ರ ಹುಷಾರು, ಸಂವಿಧಾನದ ಅಧ್ಯಾಯ ಹಾಗೇ ಇರುತ್ತೆ ಆದ್ರೆ ಕೋರ್ಟ್ ಅಧ್ಯಾಯ ಹಳಸಿರುತ್ತೆ. ಗರ್ಭಪಾತದ ಹಕ್ಕಿನ ರೋ ಕೇಸನ್ನ (1973) ಡಾಬ್ಸ್ ಕೇಸ್ 2022ರಲ್ಲಿ ತೆಗೆದು ಹಾಕ್ತು, ಕಾಲೇಜ್ ಅಡ್ಮಿಷನ್‌ನಲ್ಲಿ ಜನಾಂಗ ನೋಡೋದನ್ನ ಕೋರ್ಟ್ 2023ರಲ್ಲಿ ನಿಲ್ಲಿಸ್ತು, ಸರ್ಕಾರಿ ಏಜೆನ್ಸಿಗಳು ಕಾನೂನಿಗೆ ಕೊಡೋ ಅರ್ಥಕ್ಕೆ ಕೋರ್ಟ್ ತಲೆಬಾಗ್ಬೇಕು ಅನ್ನೋ ಶೆವ್ರಾನ್ ನಿಯಮ 2024ರಲ್ಲಿ ಹೋಯ್ತು. ಹಳೇ ಪುಸ್ತಕದಲ್ಲಿ ಈ ಮೂರೂ ಉಲ್ಟಾ ಇರುತ್ತೆ.

2. ನಮ್ಮೂರಿನ ನಕ್ಷೆ ಅಳಿಸಿ

ಇದಕ್ಕೆ ಒಂದಿಡೀ ದಿನ ಕೊಡಿ. ಒಂದು ಹಾಳೆ ತಗೊಂಡು ಮಧ್ಯ ಗೆರೆ ಎಳೆದು ಎಡಕ್ಕೆ ನಮ್ಮದು ಬಲಕ್ಕೆ ಅವರದು ಅಂತ ಕೈಯಲ್ಲೇ ಬರೀರಿ, ಟೈಪ್ ಮಾಡಿದ್ರೆ ತಲೆಗೆ ಹೋಗಲ್ಲ.

ಮೊದಲನೇದು ಪ್ರೆಸಿಡೆಂಟ್. ನಮ್ಮ ಪ್ರಧಾನಿ ಲೋಕಸಭೆಯಲ್ಲಿ ಬಹುಮತ ಹೋದ್ರೆ ಮನೆಗೆ. ಇಲ್ಲಿ ಪ್ರೆಸಿಡೆಂಟ್ ಕಾಂಗ್ರೆಸ್ಸಿನಿಂದ ಹುಟ್ಟಿದೋರಲ್ಲ (ಕಾಂಗ್ರೆಸ್ ಅಂದ್ರೆ ಇಲ್ಲಿ ಪಕ್ಷ ಅಲ್ಲ, ಪಾರ್ಲಿಮೆಂಟು, ಅದರ ಕೆಳಮನೆ ಹೌಸ್, ಮೇಲ್ಮನೆ ಸೆನೆಟ್, ಇದನ್ನೂ ಹೇಳ್ಬೇಕಾಗುತ್ತೆ ನೋಡಿ), ಹಾಗಾಗಿ ಅವಿಶ್ವಾಸ ನಿರ್ಣಯ ಅನ್ನೋದೇ ಇಲ್ಲ. ಹಣದ ಬಿಲ್ ಪಾಸಾಗ್ಲಿಲ್ಲ ಅಂದ್ರೆ ಸರ್ಕಾರ ಬೀಳಲ್ಲ, ಶಟ್‌ಡೌನ್ ಆಗುತ್ತೆ, ಅಂದ್ರೆ ಆಫೀಸು ಬಾಗಿಲು ಹಾಕುತ್ತೆ, ನೌಕರರಿಗೆ ಸಂಬಳ ನಿಲ್ಲುತ್ತೆ, ಪ್ರೆಸಿಡೆಂಟ್ ಮಾತ್ರ ಅಲ್ಲೇ ಇರ್ತಾರೆ. ನಾನು ಮಿಡ್‌ಟರ್ಮ್‌ನಲ್ಲಿ "ರಾಜೀನಾಮೆ ಕೊಡ್ಬೇಕು" ಅಂತ ಧೈರ್ಯವಾಗಿ ಬರ್ದು ಸೊನ್ನೆ ತಗೊಂಡಿದ್ದೆ.

ಸೆಕ್ರೆಟರಿ ಅಂದ್ರೆ ಐಎಎಸ್ ಅಧಿಕಾರಿ ಅಲ್ಲ, ಮಂತ್ರಿ ಇದ್ದ ಹಾಗೆ, ಆದ್ರೆ ಆ ಮಂತ್ರಿ ಕಾಂಗ್ರೆಸ್ ಸದಸ್ಯ ಆಗಿರೋ ಹಾಗಿಲ್ಲ, ಸೆನೆಟರ್ ಒಬ್ರು ಸೆಕ್ರೆಟರಿ ಆಗ್ಬೇಕು ಅಂದ್ರೆ ಸೀಟು ಬಿಡ್ಬೇಕು. ನಮ್ಮಲ್ಲಿ ಮಂತ್ರಿ ಆರು ತಿಂಗಳೊಳಗೆ ಸದನಕ್ಕೆ ಆಯ್ಕೆ ಆಗ್ಲೇಬೇಕು, ಪೂರ್ತಿ ಉಲ್ಟಾ. ಸ್ಪೀಕರ್ ಅಂದ್ರೆ ನಮ್ಮಲ್ಲಿ ಲೆಕ್ಕಕ್ಕಾದ್ರೂ ಪಕ್ಷಾತೀತ, ಇಲ್ಲಿ ಹೌಸ್‌ನ ಸ್ಪೀಕರ್ರೇ ಬಹುಮತ ಪಕ್ಷದ ನಾಯಕ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಗವರ್ನರ್ ಅಂದ್ರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಆ ರಾಜ್ಯದ ಜನ ಓಟು ಹಾಕಿ ಆರಿಸಿದೋರು. ಪ್ರೆಸಿಡೆಂಟ್ ಅವರನ್ನ ನೇಮಿಸೋದೂ ಇಲ್ಲ, ತೆಗೆಯೋಕೂ ಆಗಲ್ಲ. ರಾಷ್ಟ್ರಪತಿ ಆಳ್ವಿಕೆ ಅನ್ನೋದು ಇಲ್ವೇ ಇಲ್ಲ. ನಮ್ಮ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರ ವಜಾ ಆಗಿ, ಆ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1994ರಲ್ಲಿ ತೀರ್ಪು ಬಂತಲ್ಲ, ಅಂಥ ಕೇಸು ಅಮೆರಿಕದಲ್ಲಿ ಹುಟ್ಟೋಕೇ ಜಾಗ ಇಲ್ಲ.

ಸಂವಿಧಾನ ತಿದ್ದುಪಡಿ. ನಮ್ಮಲ್ಲಿ 100 ದಾಟಿದೆ, ಇಲ್ಲಿ 1789ರಿಂದ ಇವತ್ತಿನ ತನಕ 27. ಕಾಂಗ್ರೆಸ್ಸಿನ ಎರಡೂ ಸದನದಲ್ಲಿ ಮೂರನೇ ಎರಡು ಭಾಗ ಒಪ್ಪಿ, ಆಮೇಲೆ 50ರಲ್ಲಿ 38 ರಾಜ್ಯ ಒಪ್ಪಬೇಕು, ಅದಕ್ಕೇ ಅಷ್ಟು ಕಮ್ಮಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಕೇಸಲ್ಲಿ (1973) ಬಂದ ಮೂಲ ಸ್ವರೂಪದ ಸಿದ್ಧಾಂತ, ಅಂದ್ರೆ ತಿದ್ದುಪಡಿಯನ್ನೇ ಕೋರ್ಟ್ ಹೊಡೆದು ಹಾಕಬಹುದು ಅನ್ನೋದು, ಇಲ್ಲಿನ ಉತ್ತರದಲ್ಲಿ ಬರೀಬೇಡಿ. ಇಲ್ಲಿ ತಿದ್ದುಪಡಿನೇ ಕೋರ್ಟಿನ ತೀರ್ಪನ್ನ ಅಳಿಸಿದ ಉದಾಹರಣೆ ಇದೆ: ಕಪ್ಪು ಜನ ಪ್ರಜೆಗಳಾಗೋಕೆ ಸಾಧ್ಯ ಇಲ್ಲ ಅಂದ 1857ರ ಡ್ರೆಡ್ ಸ್ಕಾಟ್ ತೀರ್ಪನ್ನ 1868ರ 14ನೇ ತಿದ್ದುಪಡಿ ಅಳಿಸ್ತು.

ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ. ತಮ್ಮ ಪಕ್ಷದ ವಿರುದ್ಧ ಓಟು ಹಾಕಿದ್ರೂ ಸೀಟು ಹೋಗಲ್ಲ, ಆದ್ದರಿಂದ ಯಾರನ್ನೂ ಬಸ್ಸಲ್ಲಿ ರೆಸಾರ್ಟಿಗೆ ತುಂಬೋ ಅಗತ್ಯ ಇಲ್ಲ. ಟಿಕೆಟ್ ಕೊಡೋಕೆ ಹೈಕಮಾಂಡೂ ಇಲ್ಲ, ಬಿ ಫಾರಂ ಇಲ್ಲ, ಅಭ್ಯರ್ಥಿ ಯಾರು ಅನ್ನೋದನ್ನ ಪ್ರೈಮರಿ ಅನ್ನೋ ಚುನಾವಣೆಯಲ್ಲಿ ಮತದಾರರೇ ಆರಿಸ್ತಾರೆ. ಅಮೆರಿಕದಲ್ಲಿ ಪಕ್ಷಗಳು ಯಾಕೆ ಸಡಿಲ ಅಂತ ಎಸ್ಸೇ ಬಂದ್ರೆ ಈ ಎರಡು ಕಾರಣ ಬರೀರಿ, ಅರ್ಧ ಉತ್ತರ ಆಯ್ತು.

3. ಯಾರು ಯಾರನ್ನ ತಡೀಬಹುದು

ಈ ಪೇಪರಿನ ಜೀವಾಳ ಇಷ್ಟೇ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಸಂವಿಧಾನ ಬರೆದೋರಿಗೆ ಎರಡು ಭಯ ಇತ್ತು: ರಾಜನ ಥರ ಒಬ್ಬ ಎಲ್ಲಾ ಕೈಗೆ ತಗೊಂಡ್ರೆ ಏನ್ಮಾಡೋದು, ಅದಕ್ಕೂ ಹಿಂದಿನ ಸಂವಿಧಾನವಾದ ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್ ಥರ ಕೇಂದ್ರಕ್ಕೆ ತೆರಿಗೆ ಹಾಕೋ ಶಕ್ತೀನೂ ಇಲ್ದಿದ್ರೆ ಏನ್ಮಾಡೋದು. ಅದಕ್ಕೆ ಶಕ್ತಿ ಕೊಟ್ರು, ಕೊಟ್ಟಿದ್ದಕ್ಕೆಲ್ಲ ಒಂದೊಂದು ಕಡಿವಾಣನೂ ಹಾಕಿದ್ರು. ಚೆಕ್ಸ್ ಅಂಡ್ ಬ್ಯಾಲೆನ್ಸಸ್ ಅಂತ ಅಷ್ಟು ಸಲ ಕೇಳ್ತೀರಲ್ಲ, ಅದು ಈ ಕಡಿವಾಣ. ಸಂವಿಧಾನ ಬರೆದೋರಲ್ಲಿ ಒಬ್ಬರಾದ ಮ್ಯಾಡಿಸನ್ ಬರೆದ ಫೆಡರಲಿಸ್ಟ್ 51 (ಫೆಡರಲಿಸ್ಟ್ ಅಂದ್ರೆ ಹೊಸ ಸಂವಿಧಾನ ಒಪ್ಪಿ ಅಂತ ಬರೆದ ಲೇಖನಗಳ ಸರಣಿ) ಓದೋಕೆ ಹೇಳಿದ್ರೆ ಅದರಲ್ಲಿ ಹುಡುಕ್ಬೇಕಾದ್ದೂ ಇದೇ. ಫೆಡರಲಿಸ್ಟ್ 10 ಬೇರೆ, ಅದು ಗುಂಪುಗಾರಿಕೆ ಬಗ್ಗೆ. ಇವೆರಡನ್ನ ಅದಲುಬದಲು ಮಾಡೋದು ಎಲ್ಲರೂ ಮಾಡೋ ತಪ್ಪು.

ಈಗ ಹಾಳೆಯಲ್ಲಿ ಮೂರು ಚೌಕ ಹಾಕಿ, ಕಾಂಗ್ರೆಸ್, ಪ್ರೆಸಿಡೆಂಟ್, ಕೋರ್ಟ್. ಪ್ರತಿ ಚೌಕದಿಂದ ಇನ್ನೆರಡಕ್ಕೆ ಬಾಣ ಎಳೆದು ಬಾಣದ ಮೇಲೆ ಏನು ತಡೆ ಅಂತ ಬರೀರಿ. ಪ್ರೆಸಿಡೆಂಟಿಂದ ಕಾಂಗ್ರೆಸ್ಸಿಗೆ ವೀಟೋ (ಪಾಸಾದ ಬಿಲ್ ಒಪ್ಪದೆ ವಾಪಸ್ ಕಳಿಸೋದು), ಕಾಂಗ್ರೆಸ್ಸಿಂದ ಪ್ರೆಸಿಡೆಂಟಿಗೆ ವೀಟೋ ಮೀರೋದು, ಹಣ ತಡೆಯೋದು, ಇಂಪೀಚ್‌ಮೆಂಟು, ಪ್ರೆಸಿಡೆಂಟಿಂದ ಕೋರ್ಟಿಗೆ ಜಡ್ಜ್ ನೇಮಕ, ಕಾಂಗ್ರೆಸ್ಸಿಂದ ಕೋರ್ಟಿಗೆ ಆ ನೇಮಕಕ್ಕೆ ಸೆನೆಟ್ ಒಪ್ಪಿಗೆ, ಕೋರ್ಟಿಂದ ಇಬ್ಬರಿಗೂ ಜುಡೀಶಿಯಲ್ ರಿವ್ಯೂ (ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ ರದ್ದು ಮಾಡೋ ಅಧಿಕಾರ). ಈ ಕೊನೇದು ಸಂವಿಧಾನದಲ್ಲಿ ಅಕ್ಷರಶಃ ಬರ್ದಿಲ್ಲ, 1803ರ ಮಾರ್ಬರಿ ಕೇಸಲ್ಲಿ ಕೋರ್ಟೇ ಇದು ನಮ್ಮ ಅಧಿಕಾರ ಅಂತ ಹೇಳ್ಕೊಂಡಿದ್ದು. ಒಂಬತ್ತು ಜಡ್ಜ್ ಅನ್ನೋದೂ ಸಂವಿಧಾನದಲ್ಲಿಲ್ಲ, ಅದು ಕಾಂಗ್ರೆಸ್ ಮಾಡಿದ ಕಾನೂನು.

ಸೆನೆಟ್‌ನ ಮೂರು ನಂಬರ್ ಬಾಯಿಗೆ ಬರ್ಬೇಕು: 51, 60, 67. ಸಾಮಾನ್ಯ ಬಿಲ್ ಪಾಸಾಗೋಕೆ, ಜಡ್ಜ್‌ಗಳನ್ನ ಒಪ್ಪೋಕೆ 51 (50-50 ಆದ್ರೆ ವೈಸ್ ಪ್ರೆಸಿಡೆಂಟ್ ಓಟು). ಫಿಲಿಬಸ್ಟರ್, ಅಂದ್ರೆ ಬಿಲ್ ಮೇಲಿನ ಚರ್ಚೆ ಮುಗಿಯೋಕೇ ಬಿಡದೆ ಎಳೆಯೋದು, ಅದನ್ನ ನಿಲ್ಸೋಕೆ 60, ಆ ಓಟಿಗೆ ಕ್ಲೋಚರ್ ಅಂತಾರೆ. ವೀಟೋ ಮೀರೋಕೆ, ವಿದೇಶಿ ಒಪ್ಪಂದ ಒಪ್ಪೋಕೆ, ಇಂಪೀಚ್ ಆದೋರನ್ನ ತೆಗೆಯೋಕೆ ಮೂರನೇ ಎರಡು, ಎಲ್ಲರೂ ಹಾಜರಿದ್ರೆ 67. ನೆನಪಿಡಿ, 60 ಅನ್ನೋದು ಸಂವಿಧಾನದಲ್ಲಿಲ್ಲ, ಸೆನೆಟ್‌ನ ಸ್ವಂತ ನಿಯಮ, ಎಂಸಿಕ್ಯೂಗಳಲ್ಲಿ ಬೇಕಂತಲೇ ಇದನ್ನ ತಿರುಚ್ತಾರೆ.

ಇಂಪೀಚ್ ಆಗೋದು ಅಂದ್ರೆ ಕುರ್ಚಿ ಹೋಗೋದಲ್ಲ! ಹೌಸ್ ಸರಳ ಬಹುಮತದಿಂದ ಆರೋಪ ಹೊರಿಸೋದು ಅಷ್ಟೇ, ಚಾರ್ಜ್‌ಶೀಟ್ ಇದ್ದ ಹಾಗೆ. ವಿಚಾರಣೆ ಸೆನೆಟ್‌ನಲ್ಲಿ. ಆಂಡ್ರೂ ಜಾನ್ಸನ್ 1868, ಕ್ಲಿಂಟನ್ 1998, ಟ್ರಂಪ್ 2019 ಮತ್ತೆ 2021, ಪ್ರೆಸಿಡೆಂಟುಗಳನ್ನ ಇಷ್ಟು ಸಲ ಹೌಸ್ ಇಂಪೀಚ್ ಮಾಡಿದೆ, ಒಂದು ಸಲಾನೂ ಸೆನೆಟ್ ತಪ್ಪಿತಸ್ಥ ಅಂತ ಹೇಳಿಲ್ಲ. ನಿಕ್ಸನ್ ಈ ಪಟ್ಟೀಲಿ ಇಲ್ಲ, ಹೌಸ್ ಓಟು ಹಾಕೋ ಮೊದ್ಲೇ 1974ರಲ್ಲಿ ರಾಜೀನಾಮೆ ಕೊಟ್ರು. ನಿಕ್ಸನ್ ಅಂತ ಟಿಕ್ ಮಾಡೋರು ಪ್ರತಿ ಬ್ಯಾಚಲ್ಲೂ ಇರ್ತಾರೆ.

ಅರ್ಹತೆಗಳ ಪ್ರಶ್ನೆ ಬಂದ್ರೆ: ಹೌಸ್‌ಗೆ 25 ವರ್ಷ ವಯಸ್ಸು, 7 ವರ್ಷ ಪ್ರಜೆ, ಸೆನೆಟ್‌ಗೆ 30, 9, ಪ್ರೆಸಿಡೆಂಟ್‌ಗೆ 35, ಹುಟ್ಟಿನಿಂದಲೇ ಪ್ರಜೆ, 14 ವರ್ಷ ಇಲ್ಲಿ ವಾಸ. ನೆನಪಿಗೆ ಒಂದು ಕೊಂಡಿ ಬೇಕು ಅಂದ್ರೆ, ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ಹೌಸ್‌ಗೆ ಗೆದ್ರು, ಸೆನೆಟ್‌ಗೂ ನಿಲ್ಲಬಹುದು, ಪ್ರೆಸಿಡೆಂಟ್ ಮಾತ್ರ ಆಗೋಕಾಗಲ್ಲ.

4. ಫೆಡರಲಿಸಂ, ದುಡ್ಡಿನ ದಾರಿ ಹಿಡಿದು

ಫೆಡರಲಿಸಂ ಅಂದ್ರೆ ಕೇಂದ್ರ, ರಾಜ್ಯ ಅಧಿಕಾರ ಹಂಚ್ಕೊಳ್ಳೋದು. ನಮ್ಮಲ್ಲಿ ಅಧಿಕಾರದ ಪಟ್ಟೀಲಿ ಬರೀದೆ ಉಳಿದಿದ್ದೆಲ್ಲ ಕೇಂದ್ರಕ್ಕೆ, ಇಲ್ಲಿ ಉಳಿದಿದ್ದು ರಾಜ್ಯಗಳಿಗೆ ಮತ್ತು ಜನರಿಗೆ, ಅದು 10ನೇ ತಿದ್ದುಪಡಿ. ಆದ್ರೂ ಕೇಂದ್ರ ಬೆಳೀತಾನೇ ಬಂತು, ಹೇಗೆ? ಒಂದು, 1819ರ ಮೆಕಲಕ್ ಕೇಸು, ಬ್ಯಾಂಕ್ ತೆರೆಯೋದು ಸಂವಿಧಾನದಲ್ಲಿ ಬರ್ದಿಲ್ದಿದ್ರೂ ಬರೆದ ಕೆಲಸಗಳಿಗೆ ಅದು ಬೇಕಾಗುತ್ತೆ ಅಂತ ಕೋರ್ಟ್ ಒಪ್ತು. ಎರಡು, ರಾಜ್ಯದಿಂದ ರಾಜ್ಯಕ್ಕೆ ನಡೆಯೋ ವ್ಯಾಪಾರದ ಮೇಲಿನ ಅಧಿಕಾರ, ಕಾಮರ್ಸ್ ಕ್ಲಾಝು (ಕ್ಲಾಝು ಅಂದ್ರೆ ಸಂವಿಧಾನದ ಒಂದು ಮಾತು, ತರಗತಿ ಅಲ್ಲ). ಮೂರು, ದುಡ್ಡು. ಕುಡಿಯೋ ವಯಸ್ಸು 21 ಅಂತ ಕೇಂದ್ರ ನೇರವಾಗಿ ಹೇಳ್ಲಿಲ್ಲ, 21 ಮಾಡ್ದಿದ್ರೆ ಹೈವೇ ಅನುದಾನದಲ್ಲಿ ಒಂದು ಪಾಲು ಕಟ್ ಅಂತು, ಸೌತ್ ಡಕೋಟ ಕೋರ್ಟಿಗೆ ಹೋಗಿ 1987ರಲ್ಲಿ ಸೋತ್ತು. ಇಂಥ ಕೆಲಸಕ್ಕೇ ಖರ್ಚು ಮಾಡಿ ಅಂತ ಷರತ್ತಿದ್ರೆ ಕೆಟಗಾರಿಕಲ್ ಗ್ರಾಂಟ್, ಈ ಕ್ಷೇತ್ರಕ್ಕೆ ಹೇಗಾದ್ರೂ ಬಳಸ್ಕೊಳ್ಳಿ ಅಂದ್ರೆ ಬ್ಲಾಕ್ ಗ್ರಾಂಟ್, ಕೆಲಸ ಹೇಳಿ ದುಡ್ಡೇ ಕೊಡ್ದಿದ್ರೆ ಅನ್‌ಫಂಡೆಡ್ ಮ್ಯಾಂಡೇಟ್. ಮೂರೂ ಖಂಡಿತ ಬರುತ್ತೆ.

ಕೇಂದ್ರದ ಕೈಗೆ ತಡೆ ಬಿದ್ದ ಉದಾಹರಣೆ ಕೇಳಿದ್ರೆ 1995ರ ಲೋಪೆಜ್ ಕೇಸು: ಸ್ಕೂಲ್ ಹತ್ರ ಗನ್ ಇಟ್ಕೊಳ್ಳೋದು ವ್ಯಾಪಾರ ಅಲ್ಲ ಅಂತ ಕೇಂದ್ರದ ಕಾನೂನು ರದ್ದಾಯ್ತು.

5. ಕೋರ್ಟ್ ಕೇಸುಗಳು: ಹೆಸರು ಬಾಯಿಪಾಠ ಮಾಡ್ಬೇಡಿ

ಪ್ರತಿ ಕೇಸಿಗೆ ಒಂದು ಕಾರ್ಡು, ಅದರ ಮೇಲೆ ನಾಲ್ಕೇ ಸಾಲು: ಏನಾಯ್ತು, ಸಂವಿಧಾನದ ಯಾವ ಮಾತಿನ ಮೇಲೆ ಜಗಳ, ಕೋರ್ಟ್ ಏನಂತು, ಇದರಿಂದ ಏನು ಬದಲಾಯ್ತು. ಇಸವಿಗಿಂತ ಎರಡನೇ ಸಾಲಿಗೆ ಮಾರ್ಕ್ಸ್ ಜಾಸ್ತಿ. ಸಂಕ್ಷಿಪ್ತವಾಗಿ ಬೇಕಂದ್ರೆ ಒಯೇಝ್ ಅನ್ನೋ ಸೈಟಲ್ಲಿ ಮುಖ್ಯ ಕೇಸುಗಳೆಲ್ಲ ಇದೆ.

ಕಾರ್ಡುಗಳನ್ನ ಜೋಡಿ ಮಾಡಿ ಓದಿ, ಒಂಟಿಯಾಗಿ ಓದಿದ್ರೆ ಕಲಸಿ ಹೋಗುತ್ತೆ. ಎಂಗೆಲ್ (1962) ಮತ್ತು ಯೋಡರ್ (1972) ಎರಡೂ ಧರ್ಮ ಮತ್ತು ಸ್ಕೂಲು. ಎಂಗೆಲ್‌ನಲ್ಲಿ ಸರ್ಕಾರಿ ಶಾಲೆ ಪ್ರಾರ್ಥನೆ ಮಾಡಿಸ್ತಿತ್ತು, ಸರ್ಕಾರ ಧರ್ಮ ಹೇರೋ ಹಾಗಿಲ್ಲ, ಇದು ಎಸ್ಟಾಬ್ಲಿಷ್‌ಮೆಂಟ್ ಕ್ಲಾಝು. ಯೋಡರ್‌ನಲ್ಲಿ ಆಮಿಷ್ ಸಮುದಾಯದ ಅಪ್ಪ ಅಮ್ಮಂದಿರು ಎಂಟನೇ ಕ್ಲಾಸಾದ್ಮೇಲೆ ಮಕ್ಳನ್ನ ಕಳಿಸಲ್ಲ ಅಂದ್ರು, ಅವರ ಧರ್ಮ ಆಚರಿಸೋಕೆ ಸರ್ಕಾರ ಅಡ್ಡ ಬರೋ ಹಾಗಿಲ್ಲ, ಇದು ಫ್ರೀ ಎಕ್ಸರ್‌ಸೈಸ್ ಕ್ಲಾಝು. ಹಾಗೇ ಶೆಂಕ್ (1919) ಮತ್ತು ಟಿಂಕರ್ (1969), ಎರಡೂ ಯುದ್ಧ ವಿರೋಧಿ ಮಾತು, ಶೆಂಕ್ ಸೋತ, ಟಿಂಕರ್ ಕೇಸಲ್ಲಿ ಕೈಗೆ ಕಪ್ಪು ಪಟ್ಟಿ ಕಟ್ಟಿದ ಮಕ್ಳು ಗೆದ್ರು. ಇನ್ನೊಂದು ಜೋಡಿ ಪ್ಲೆಸ್ಸಿ (1896) ಮತ್ತು ಬ್ರೌನ್ (1954): ಕಪ್ಪು ಜನರನ್ನ ಬಿಳಿಯರಿಂದ ಬೇರೆ ಇಡೋದು ಸರಿ ಅಂತ ಪ್ಲೆಸ್ಸಿ, ಸರ್ಕಾರಿ ಶಾಲೆಗಳಲ್ಲಿ ಅದು ತಪ್ಪು ಅಂತ ಬ್ರೌನ್.

ಮೊದಲನೇ ತಿದ್ದುಪಡಿಯ ಐದು ಸ್ವಾತಂತ್ರ್ಯ ಧರ್ಮ, ಮಾತು, ಪತ್ರಿಕೆ, ಸಭೆ, ಮನವಿ. ಧಮಾಪಸಮ ಅಂತ ಹೇಳ್ಕೊಳ್ಳಿ, ಯಮಾತಾರಾಜಭಾನಸಲಗಂ ಬಾಯಿಪಾಠ ಮಾಡಿದೋರಿಗೆ ಇದ್ಯಾವ ಲೆಕ್ಕ.

ಇಲ್ಲಿ ಎರಡು ಗುಂಡಿ ಇದೆ. ಒಂದು, ಸಿವಿಲ್ ಲಿಬರ್ಟೀಸ್ ಬೇರೆ ಸಿವಿಲ್ ರೈಟ್ಸ್ ಬೇರೆ: ಲಿಬರ್ಟಿ ಅಂದ್ರೆ ಸರ್ಕಾರ ನಿಮ್ಮ ತಂಟೆಗೆ ಬರಬಾರದು, ರೈಟ್ಸ್ ಅಂದ್ರೆ ಭೇದಭಾವ ಆಗದ ಹಾಗೆ ಸರ್ಕಾರ ನಿಮ್ಮನ್ನ ಕಾಪಾಡ್ಬೇಕು. ಎರಡು, ಬಿಲ್ ಆಫ್ ರೈಟ್ಸ್ (ಮೊದಲ ಹತ್ತು ತಿದ್ದುಪಡಿ, 1791) ಶುರುವಲ್ಲಿ ಕೇಂದ್ರ ಸರ್ಕಾರಕ್ಕೆ ಮಾತ್ರ ಅನ್ವಯ ಆಗ್ತಿತ್ತು, ರಾಜ್ಯಗಳಿಗೆ ಅಲ್ಲ. 14ನೇ ತಿದ್ದುಪಡಿ ಮೂಲಕ ಒಂದೊಂದೇ ಹಕ್ಕನ್ನ ರಾಜ್ಯಗಳಿಗೂ ದಾಟಿಸಿದ್ರು, ಇದಕ್ಕೆ ಸೆಲೆಕ್ಟಿವ್ ಇನ್‌ಕಾರ್ಪೊರೇಷನ್ ಅಂತ ಬಾಯಿ ತುಂಬೋ ಹೆಸರು. ಬಡವನಿಗೆ ವಕೀಲರನ್ನ ಕೊಡ್ಬೇಕು ಅನ್ನೋ ಗಿಡಿಯನ್ (1963) ಅದರ ಒಳ್ಳೇ ಉದಾಹರಣೆ.

6. ಚುನಾವಣೆ, ಪಕ್ಷ, ಲಾಬಿ

ಇದು ಸುಲಭದ ಭಾಗ, ಒಂದು ಸಂಜೆ ಸಾಕು. ಪ್ರೆಸಿಡೆಂಟನ್ನ ಕೊನೆಗೆ ಆರಿಸೋ ಎಲೆಕ್ಟರ್‌ಗಳ ಗುಂಪು, ಎಲೆಕ್ಟೋರಲ್ ಕಾಲೇಜು, 538 (435+100+ವಾಷಿಂಗ್ಟನ್ ಡಿಸಿಗೆ 3), ಗೆಲ್ಲೋಕೆ 270. ಮೇನ್, ನೆಬ್ರಾಸ್ಕ ಬಿಟ್ಟು ಎಲ್ಲಾ ರಾಜ್ಯದಲ್ಲೂ ಜಾಸ್ತಿ ಓಟು ಬಂದೋರಿಗೇ ಅಷ್ಟೂ ಎಲೆಕ್ಟರ್‌ಗಳು, ಅದಕ್ಕೇ 2000 ಮತ್ತು 2016ರಲ್ಲಿ ದೇಶದಲ್ಲಿ ಕಮ್ಮಿ ಓಟು ಬಂದೋರು ಗೆದ್ರು. ಓಟಿನ ಹಕ್ಕಿನ ತಿದ್ದುಪಡಿಗಳು 15 (ಜನಾಂಗ), 19 (ಹೆಂಗಸರು), 24 (ಓಟಿಗೆ ತೆರಿಗೆ ರದ್ದು), 26 (18 ವರ್ಷ). ಕಲಸಿ ಹೋಗೋ ಮೂರು ಪದ: ಹತ್ತು ವರ್ಷಕ್ಕೊಮ್ಮೆ ಜನಗಣತಿ ನೋಡಿ ಯಾವ ರಾಜ್ಯಕ್ಕೆ ಎಷ್ಟು ಸೀಟು ಅಂತ ಹಂಚೋದು ರೀಅಪೋರ್ಷನ್‌ಮೆಂಟ್, ರಾಜ್ಯದೊಳಗೆ ಕ್ಷೇತ್ರದ ಗೆರೆ ಎಳೆಯೋದು ರೀಡಿಸ್ಟ್ರಿಕ್ಟಿಂಗ್, ಆ ಗೆರೇನ ತಮ್ಮ ಪಕ್ಷಕ್ಕೆ ಬೇಕಾದ ಹಾಗೆ ಸೊಟ್ಟಸೊಟ್ಟ ಎಳೆಯೋದು ಜೆರಿಮ್ಯಾಂಡರಿಂಗ್. ಐರನ್ ಟ್ರಯಾಂಗಲ್ ಅಂದ್ರೆ ಕಾಂಗ್ರೆಸ್ ಕಮಿಟಿ, ಸರ್ಕಾರಿ ಏಜೆನ್ಸಿ, ಲಾಬಿ ಮಾಡೋ ಗುಂಪು, ಮೂವರೂ ಒಬ್ಬರ ಬೆನ್ನು ಒಬ್ಬರು ಕೆರ್ಕೊಳ್ಳೋದು.

7. ಉತ್ತರ ಬರೆಯೋ ಅಭ್ಯಾಸ

ಕೊನೇ ಮೂರು ದಿನ ಓದೋದು ನಿಲ್ಸಿ, ಬರೀರಿ. ಎಂಸಿಕ್ಯೂ ಹೀಗೆ ಬರುತ್ತೆ: "ಪ್ರೆಸಿಡೆಂಟ್ ವೀಟೋ ಮಾಡಿದ ಬಿಲ್‌ಗೆ ಮತ್ತೆ ಓಟಾಯ್ತು, ಹೌಸ್‌ನಲ್ಲಿ 435ರಲ್ಲಿ 295, ಸೆನೆಟ್‌ನಲ್ಲಿ 100ರಲ್ಲಿ 64. ಏನಾಗುತ್ತೆ?" 60 ಮಾತ್ರ ನೆನಪಿರೋರು ಪಾಸಾಯ್ತು ಅಂತ ಹಾಕ್ತಾರೆ. ಹೌಸ್‌ಗೆ ಬೇಕಾಗಿದ್ದು 290, ಅದು ದಾಟ್ತು, ಸೆನೆಟ್‌ಗೆ 67 ಬೇಕು, ಬರ್ಲಿಲ್ಲ, ವೀಟೋನೇ ಉಳ್ಕೊಳ್ತು, ಬಿಲ್ ಬಿತ್ತು. "ಯಾವಾಗಲೂ", "ಮಾತ್ರ" ಅನ್ನೋ ಪದ ಇರೋ ಆಯ್ಕೆಗಳನ್ನ ಎರಡು ಸಲ ಓದಿ.

ಎಸ್ಸೇ ಬೇರೆ ವಿದ್ಯೆ. ನಮ್ಮೂರಲ್ಲಿ ಪೀಠಿಕೆ, ವಿಷಯ ವಿಸ್ತಾರ, ಉಪಸಂಹಾರ ಅಂತ ಬರೀತಿದ್ವಿ, ಎಷ್ಟು ಪುಟ ಆಯ್ತು ಅಂತ ಅಡಿಷನಲ್ ಶೀಟ್ ಎಣಿಸ್ತಿದ್ವಿ. ಇಲ್ಲಿ ಮೊದಲ ಎರಡು ಸಾಲಲ್ಲೇ ನಿಮ್ಮ ನಿಲುವು ಏನು ಅಂತ ಹೇಳ್ಬೇಕು, ಅದಕ್ಕೆ ಥೀಸಿಸ್ ಅಂತಾರೆ. "ಯುದ್ಧದ ವಿಷಯದಲ್ಲಿ ಪ್ರೆಸಿಡೆಂಟ್ ಬಲವೋ ಕಾಂಗ್ರೆಸ್ ಬಲವೋ?" ಅಂತ ಬಂತು ಅನ್ನಿ. "ಇಬ್ಬರಿಗೂ ಬೇರೆ ಬೇರೆ ಅಧಿಕಾರ ಇದೆ" ಅನ್ನೋದು ಥೀಸಿಸ್ ಅಲ್ಲ, ಅದಕ್ಕೆ ಮಾರ್ಕ್ಸ್ ಇಲ್ಲ. "ಯುದ್ಧ ಘೋಷಿಸೋ ಅಧಿಕಾರ ಕಾಗದದ ಮೇಲೆ ಕಾಂಗ್ರೆಸ್ಸಿಗಿದ್ರೂ, ಸೇನೆಯ ಮುಖ್ಯಸ್ಥರಾಗಿ ಪ್ರೆಸಿಡೆಂಟ್ ಮೊದಲು ಹೆಜ್ಜೆ ಇಡೋದ್ರಿಂದ ಅವರ ಕೈಯೇ ಮೇಲಾಗಿದೆ" ಇದು ಥೀಸಿಸ್. ಸಾಕ್ಷಿಗೆ: ಕಾಂಗ್ರೆಸ್ ಕೊನೇ ಸಲ ಯುದ್ಧ ಘೋಷಿಸಿದ್ದು 1942ರಲ್ಲಿ, ಕೊರಿಯ ಯುದ್ಧ, ವಿಯೆಟ್ನಾಂ ಯುದ್ಧ ಘೋಷಣೆ ಇಲ್ದೇ ನಡೆದ್ವು. ಆಮೇಲೆ ಎದುರು ವಾದಾನ ನೀವೇ ತಂದು ಉತ್ತರ ಕೊಡಿ: 1973ರ ವಾರ್ ಪವರ್ಸ್ ರೆಸಲ್ಯೂಷನ್ ಪ್ರಕಾರ ಸೇನೆ ಕಳಿಸಿದ 48 ಗಂಟೇಲಿ ಕಾಂಗ್ರೆಸ್ಸಿಗೆ ತಿಳಿಸ್ಬೇಕು, ಒಪ್ಪಿಗೆ ಇಲ್ದೆ 60 ದಿನ ದಾಟೋ ಹಾಗಿಲ್ಲ, ಆದ್ರೂ ಆ 60 ದಿನದಲ್ಲಿ ಯುದ್ಧ ಆಗ್ಲೇ ಶುರುವಾಗಿರುತ್ತಲ್ಲ. ನೀವು ಎದುರು ಪಕ್ಷ ಹಿಡಿದ್ರೂ ಪರವಾಗಿಲ್ಲ, ಪ್ರೊಫೆಸರ್ ಯಾವ ಪಕ್ಷದೋರು ಅಂತ ಊಹಿಸಿ ಅವರಿಗೆ ಹಿತ ಆಗೋ ಹಾಗೆ ಬರೆಯೋಕೆ ಮಾತ್ರ ಹೋಗ್ಬೇಡಿ, ಅದು ಸಾಲುಸಾಲಲ್ಲೂ ಕಾಣುತ್ತೆ.

ಇನ್ನೊಂದು, ಹಳೇ ಪೇಪರ್ ಫೋಟೋಗಳು ವಾಟ್ಸಾಪ್ ಗ್ರೂಪಲ್ಲಿ ಓಡಾಡ್ತಿರುತ್ತೆ. ಪ್ರೊಫೆಸರ್ರೇ ಕೊಟ್ಟಿದ್ದಾದ್ರೆ ಸರಿ, ಇಲ್ಲಾಂದ್ರೆ ಮುಟ್ಬೇಡಿ. ನಮ್ಮೂರಲ್ಲಿ ಇದು ಸಹಾಯ, ಇಲ್ಲಿ ಅಕಾಡೆಮಿಕ್ ಡಿಸ್‌ಆನೆಸ್ಟಿ ಅಂತ ಫೈಲ್ ಆಗುತ್ತೆ, ಸ್ಟೂಡೆಂಟ್ ವೀಸಾದಲ್ಲಿ ಇರೋರು ಕಾಲೇಜಿಂದ ಸಸ್ಪೆಂಡ್ ಆದ್ರೆ ವೀಸಾ ಸ್ಟೇಟಸ್ಸಿಗೂ ತೊಂದ್ರೆ. ಎಐ ಹತ್ರ ಟೇಕ್‌ಹೋಂ ಎಸ್ಸೇ ಬರೆಸೋದೂ ಹಾಗೇನೇ, ಸಿಲಬಸ್ಸಲ್ಲಿ ಏನ್ ಬರ್ದಿದೆ ನೋಡ್ಕೊಳ್ಳಿ.

8. ಎಕ್ಸಾಂ ದಿನ

ಬ್ಲೂ ಬುಕ್ ಬೇಕಾ ಕೇಳ್ಕೊಂಡಿರಿ. ಅದು ಎಸ್ಸೇ ಬರೆಯೋ ನೀಲಿ ರಟ್ಟಿನ ಸಣ್ಣ ನೋಟ್‌ಬುಕ್ಕು, ನಮ್ಮ ಥರ ಹಾಲ್‌ನಲ್ಲಿ ಆನ್ಸರ್ ಶೀಟ್ ಕೊಡ್ತಾರೆ ಅಂತ ಕೂತ್ರೆ ಕೆಲವು ಕಡೆ ಕೊಡಲ್ಲ, ಕ್ಯಾಂಪಸ್ ಅಂಗಡೀಲಿ ನೀವೇ ತಗೋಬೇಕು. ಎರಡು ತಗೊಳ್ಳಿ. ಗೋಲ ತುಂಬೋ ಶೀಟಿಗೆ ನಂಬರ್ 2 ಪೆನ್ಸಿಲ್, ಎಸ್ಸೇಗೆ ಪೆನ್ನು. ಫೈನಲ್‌ನ ಟೈಮೂ ರೂಮೂ ಮಾಮೂಲಿ ಕ್ಲಾಸಿನದೇ ಇರಲ್ಲ, ಫೈನಲ್ಸ್ ವಾರಕ್ಕೆ ಬೇರೆ ಟೈಮ್‌ಟೇಬಲ್ ಇರುತ್ತೆ, ಹಿಂದಿನ ದಿನವೇ ನೋಡಿ. ಪೇಪರ್ ಕೈಗೆ ಬಂದ ತಕ್ಷಣ ಮೊದಲು ಎಸ್ಸೇ ಪ್ರಶ್ನೆ ಓದಿ ಆಮೇಲೆ ಎಂಸಿಕ್ಯೂಗೆ ಹೋಗಿ, ಎಂಸಿಕ್ಯೂ ಮಾಡ್ತಾ ಇರೋವಾಗ ಎಸ್ಸೇಗೆ ಬೇಕಾದ ಕೇಸಿನ ಹೆಸರು ಅಲ್ಲೇ ಎಲ್ಲೋ ಸಿಕ್ಕಿಬಿಡುತ್ತೆ. ಎಸ್ಸೇ ಪ್ರಶ್ನೇಲಿ "ಮತ್ತು" ಎಷ್ಟು ಸಲ ಇದೆ ಅಂತ ಎಣಿಸಿ ಅಷ್ಟು ಕಡೆ ಗೆರೆ ಎಳೀರಿ, ಎರಡು "ಮತ್ತು" ಇದ್ರೆ ಮೂರು ಉತ್ತರ ಕೇಳಿದ್ದಾರೆ ಅಂತ ಅರ್ಥ, ಬ್ಲೂ ಬುಕ್ ವಾಪಸ್ ಕೊಡೋ ಮುಂಚೆ ಮೂರೂ ಇದ್ಯಾ ಅಂತ ಬೆರಳಿಟ್ಟು ನೋಡಿ.